ನೇಪಾಳ ನಮ್ಮ ಬೇಸ್‌ಮೆಂಟಿನಲ್ಲಿತ್ತು

ಮಗಳ ಶಾಲೆಯಲ್ಲಿ ‘ಗ್ಲೋಬಲ್ ಸಿಟಿಜನ್’ ಪ್ರಾಜೆಕ್ಟ್. ಅವಳ ಪಾಲಿಗೆ ಬಂದಿದ್ದು ನೇಪಾಳ. ಯಲಹಂಕದ ನಮ್ಮ ಫ್ಲಾಟಿನ ಡೈನಿಂಗ್ ಟೇಬಲ್ ಮೇಲೆ ಥರ್ಮಾಕೋಲ್ ಎವರೆಸ್ಟ್ ಎದ್ದಿತು. ಚಾರ್ಟಿನಲ್ಲಿ 2015ರ ಏಪ್ರಿಲ್ 25ರ ಭೂಕಂಪ, ಸತ್ತವರು ಸುಮಾರು 9,000. ಕೊನೆಗೆ ‘ನನಗೆ ಏನನ್ನಿಸಿತು’ ಅಂತ ಒಂದು ಚೌಕ. ‘ಸ್ಯಾಡ್’ ಎಂದು ಬರೆದು ಅಳುವ ಇಮೋಜಿ ಅಂಟಿಸಿದಳು. ಟೀಚರ್ ಸ್ಟಾರ್ ಕೊಟ್ಟರು.

ಆ ಎವರೆಸ್ಟನ್ನು ಕಾರಿನಲ್ಲಿ ಇಡೋಕೆ ಕೈಹಾಕಿದ್ದು ನಮ್ಮ ವಾಚ್‌ಮನ್. ‘ಇದು ನಮ್ದೇ ಸಾರ್’ ಅಂದು ನಕ್ಕರು. ಅವರ ಊರು ಸಿಂಧುಪಾಲ್ಚೋಕ್, ಭೂಕಂಪದಲ್ಲಿ ಹೆಚ್ಚು ನಲುಗಿದ ಜಿಲ್ಲೆ. ಅವರಿಗೂ ನನ್ನ ಮಗಳ ವಯಸ್ಸಿನ ಒಬ್ಬ ಮಗಳಿದ್ದಾಳೆ. ಬೇಸ್‌ಮೆಂಟಿನ ಒಂದೇ ರೂಮಲ್ಲಿ ಸಂಸಾರ. ಮೂರು ವರ್ಷದಿಂದ ದಿನಾ ಗೇಟು ತೆಗೆಸಿಕೊಂಡ ನನಗೆ ಆ ಹುಡುಗಿಯ ಹೆಸರು ಗೊತ್ತಿರಲಿಲ್ಲ.

ಆಡಂ ಸ್ಮಿತ್ ಹದಿನೆಂಟನೇ ಶತಮಾನದಲ್ಲೇ ಒಂದು ಮಾತು ಹೇಳಿದ್ದ. ಚೀನಾ ಇಡೀ ಭೂಕಂಪದಲ್ಲಿ ಮುಳುಗಿದರೂ ಯುರೋಪಿನ ಒಳ್ಳೆಯ ಮನುಷ್ಯ ಒಂದಿಷ್ಟು ಮರುಗಿ ನೆಮ್ಮದಿಯಾಗಿ ಮಲಗ್ತಾನೆ. ನಾಳೆ ತನ್ನ ಕಿರುಬೆರಳು ಹೋಗುತ್ತೆ ಅಂದ್ರೆ ಮಾತ್ರ ನಿದ್ದೆ ಬರಲ್ಲ. ಹಾಗಾದ್ರೆ ದೂರದ್ದು ಬಿಟ್ಟು ಹತ್ತಿರದವರ ಬಗ್ಗೆಯಷ್ಟೇ ಕಲಿಸಿದ್ರೆ ಸಾಕಾ? ಸಾಲದು. ‘ನಮ್ಮೋರು’ ಅನ್ನೋ ಪ್ರೀತಿಗೆ ಗೋಡೆ ಕಟ್ಟೋದು ಬಹಳ ಸುಲಭ. ನೇಪಾಳದ ಪಾಠ ಇಲ್ಲದಿದ್ದರೆ ‘ನಮ್ದೇ ಸಾರ್’ ಅನ್ನೋ ಮಾತು ಹುಟ್ಟುತ್ತಲೇ ಇರಲಿಲ್ಲ. ದೂರದ ತಿಳಿವಳಿಕೆ ಹತ್ತಿರದವರನ್ನು ಕಾಣಿಸಬೇಕು. ಹಾಗಾಗದಿದ್ದರೆ ಅದು ಬರೀ ಇಮೋಜಿ.

ಆದರೆ ಕಾಣೋದಾದರೂ ಹೇಗೆ? ಖಾಸಗಿ ಶಾಲೆಗಳು ಕನಿಷ್ಠ 25% ಸೀಟು ಬಡ ಮಕ್ಕಳಿಗೆ ಕೊಡಬೇಕು ಎಂದಿತ್ತು 2009ರ ಶಿಕ್ಷಣ ಹಕ್ಕು ಕಾಯ್ದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು 2019-20ರಿಂದ ಕರ್ನಾಟಕ ನಿಯಮ ಬದಲಿಸಿತು. ಸರ್ಕಾರವನ್ನು ಬೈಯೋದು ಸುಲಭ. ನಾನು ಆ ಶಾಲೆಯನ್ನು ಆರಿಸಿದ್ದೇ ಅಲ್ಲಿ ‘ಒಳ್ಳೆ ಫ್ಯಾಮಿಲಿ’ ಮಕ್ಕಳು ಬರ್ತಾರೆ ಅಂತ. ಒಂದೇ ಬೆಂಚಲ್ಲಿ ಕೂರಬಹುದಾಗಿದ್ದ ಮಗುವನ್ನು ದೂರ ಇಟ್ಟು, ಆಮೇಲೆ ಸಹಾನುಭೂತಿ ಕಲಿಸಿ ಅಂತ ಫೀಸ್ ಕಟ್ಟುತ್ತಿದ್ದೇನೆ.

ಆ ಸಂಜೆ ಮಗಳು ಕೇಳಿದಳು: ‘ಅಪ್ಪಾ, ಅವಳನ್ನ ಆಟಕ್ಕೆ ಮನೆಗೆ ಕರೀಲಾ?’

‘ಹೂಂ’ ಅಂದೆ. ಅನ್ನೋಕೆ ಮುಂಚೆ ಒಂದು ಕ್ಷಣ ತಡವರಿಸಿದೆ. ಅವಳಿಗೆ ಅದು ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.