ಕೂಲಿಯ ಬಾಕಿ ಝಕಾತ್ ಆಗದು

ಭದ್ರಾವತಿಯ ಎಂ.ಪಿ.ಎಂ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ವಿ.ಐ.ಎಸ್.ಎಲ್. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆಗ ನಾವೆಲ್ಲರೂ ನ್ಯಾಯದ ಮಾತಾಡಿದೆವು. ಆದರೆ ಶಿವಮೊಗ್ಗದ ನಮ್ಮದೇ ಅಂಗಡಿ, ಗ್ಯಾರೇಜು, ಮಂಡಿಗಳಲ್ಲಿ ಹನ್ನೆರಡು ವರ್ಷ ದುಡಿದವನನ್ನು ಬಿಡಿಸುವಾಗ ಏನನ್ನುತ್ತೇವೆ? “ರಮಝಾನಿನಲ್ಲಿ ಬಾ, ಝಕಾತ್‌ನಲ್ಲಿ ನೋಡೋಣ.”

ಸಹೋದರರೇ, ಅವನ ಬಾಕಿ ನಮ್ಮ ಮೇಲಿನ ಸಾಲ. ಝಕಾತ್‌ನ ಹಣದಿಂದ ಸ್ವಂತ ಸಾಲ ತೀರಿಸಿದವನ ಝಕಾತ್ ಸಲ್ಲುವುದಿಲ್ಲ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ವಾದಿಯಾಗುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ (ಬುಖಾರಿ).

ಕೈಗಾರಿಕಾ ಕಾರ್ಮಿಕನನ್ನು ತೆಗೆದುಹಾಕುವಾಗ ಒಂದು ತಿಂಗಳ ನೋಟೀಸು, ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹನ್ನೆರಡು ವರ್ಷಕ್ಕೆ ಆರು ತಿಂಗಳ ಸಂಬಳವಾಯಿತು. ಗ್ರಾಚ್ಯುಟಿ ಬೇರೆ. ಹತ್ತು ಜನರಿಲ್ಲದ ಅಂಗಡಿಗೆ ಗ್ರಾಚ್ಯುಟಿ ಕಡ್ಡಾಯವಲ್ಲ, ನಿಜ. ಆದರೆ ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದೂ ಕರಾರೇ.

ಗುಹೆಯಲ್ಲಿ ಸಿಲುಕಿದ ಮೂವರ ಕಥೆ ನಿಮಗೆ ಗೊತ್ತು. ಅವರಲ್ಲೊಬ್ಬನು ಕೂಲಿಯವನು ಬಿಟ್ಟುಹೋದ ಬಾಕಿಯನ್ನು ಬೆಳೆಸಿ, ಅವನು ಬಂದಾಗ ಜಾನುವಾರುಗಳ ಹಿಂಡನ್ನೇ ಒಪ್ಪಿಸಿದ್ದನು. ನಮ್ಮ ಕೆಲಸಗಾರ ತೀರಿಹೋಗಿದ್ದರೆ ಆ ಹಣ ಅವನ ವಾರಸುದಾರರದು. ಅವರ ಮನೆಯನ್ನು ನಾವೇ ಹುಡುಕಿಕೊಂಡು ಹೋಗಬೇಕು.