ತಾಯಿಯ ಕಾವಲು, ಮಗಳ ಕರಸ್ಥಲ

ವೀರಶೈವ ಗೃಹದಲ್ಲಿ ಜನಿಸಿದ ಶಿಶುವು ಹೆಣ್ಣಾಗಲಿ ಗಂಡಾಗಲಿ, ಅದಕ್ಕೆ ಲಿಂಗಧಾರಣ ಸಂಸ್ಕಾರವು ಭೇದವಿಲ್ಲದೆ ನಡೆಯುತ್ತದೆ. ಲಿಂಗವನ್ನು ಕರುಣಿಸುವವನು ಗುರು. ಅರಿವು ಮೂಡುವವರೆಗೆ ಅದನ್ನು ಮಗುವಿನ ಪರವಾಗಿ ಕಾಯುವವಳು ತಾಯಿ. ಆದರೆ ಈ ಕಾವಲು ಎಲ್ಲಿಯವರೆಗೆ? ಮಗಳು ಹದಿನಾಲ್ಕು ಹದಿನೈದರ ಪ್ರಾಯಕ್ಕೆ ಬಂದು, “ನಾನು ಯಾರೆಂಬುದನ್ನು ನಾನೇ ತಿಳಿದುಕೊಳ್ಳುತ್ತೇನೆ” ಎಂದು ಮುಖ ತಿರುಗಿಸಿದಾಗ ತಾಯಿಯಾದವಳು ಕಾವಲನ್ನು ಬಿಗಿಮಾಡಬೇಕೋ ಸಡಿಲಿಸಬೇಕೋ? ಇದನ್ನು ಮನೆಯ ಸಣ್ಣ ಜಗಳವೆಂದು ತಳ್ಳಿಹಾಕಲಾಗದು.

ಇಷ್ಟಲಿಂಗದ ಪೂಜೆಗೆ ಪ್ರತಿನಿಧಿಯಿಲ್ಲ. ಗಂಡನ ಲಿಂಗವನ್ನು ಹೆಂಡತಿ ಪೂಜಿಸಿದರೆ ಅದು ಗಂಡನ ಪೂಜೆಯಾಗದು. ಮಗಳ ಲಿಂಗಕ್ಕೆ ತಾಯಿ ನೀರೆರೆದರೆ ಅದು ಮಗಳ ಪೂಜೆಯಾಗದು. ಅವರವರ ಕರಸ್ಥಲದಲ್ಲಿ ಅವರವರ ಲಿಂಗ. ಈ ತತ್ತ್ವವನ್ನು ನಾವು ಪುರೋಹಿತರ ವಿರುದ್ಧ ಬಲು ಉತ್ಸಾಹದಿಂದ ಹೇಳುತ್ತೇವೆ. ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಏಕೋ ಮರೆಯುತ್ತೇವೆ.

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯನ್ನೇ ನೋಡಬಹುದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅನೇಕ ಗ್ರಾಮಗಳಲ್ಲಿ ಬೀದಿಯ ಮಾತು ತೆಲುಗು, ಶಾಲೆಯ ಪಾಠ ಕನ್ನಡ, ಕಾಲೇಜಿನ ಪುಸ್ತಕ ಇಂಗ್ಲಿಷು. ಬೆಳಗಿನ ಬಸ್ಸಿಗೆ ಹೊರಡುವ ಹುಡುಗಿ ಒಂದೇ ದಿನದಲ್ಲಿ ಮೂರು ಲೋಕಗಳನ್ನು ದಾಟುತ್ತಾಳೆ. ಸಂಜೆ ಮನೆಗೆ ಬಂದವಳನ್ನು ತಾಯಿ ಕೇಳುವುದು, ವಿಭೂತಿ ಏಕಿಲ್ಲ, ಫೋನಿನಲ್ಲಿ ಯಾರು, ನೋಡಿದವರು ಏನೆಂದಾರು ಎಂದು. ಮಗಳ ದೂರು ಬೇರೆ: ಅಮ್ಮನಿಗೆ ಬೇಕಾದುದು ನಾನಲ್ಲ, ನಾಲ್ಕು ಜನರ ಒಪ್ಪಿಗೆ. ಎರಡೂ ದೂರುಗಳಲ್ಲಿ ಸತ್ಯವಿದೆ.

ಈ ಸೀಮೆಯ ತಾಯಂದಿರಿಗೆ ರೇಷ್ಮೆಯ ಕಸುಬು ಹೊಸದಲ್ಲ. ಹುಳುವು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ರೈತರು ಜ್ವರವೆನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳುವು ಸೊಪ್ಪು ಮುಟ್ಟದು, ತಲೆಯೆತ್ತಿ ನಿಶ್ಚಲವಾಗಿರುತ್ತದೆ. ತಿನ್ನಲಿಲ್ಲವೆಂದು ಆಗ ಯಾವ ತಾಯಿಯೂ ಅದನ್ನು ಕೆದಕಳು, ಮೇಲೆ ಸೊಪ್ಪು ಸುರಿಯಳು. ಹಾಗೆಂದು ಬಿಟ್ಟುಹೋಗುವುದೂ ಇಲ್ಲ: ಹಾಸಿಗೆ ತೇವವಾಗದಂತೆ ಸುಣ್ಣದ ಪುಡಿ ಉದುರಿಸುತ್ತಾಳೆ, ಗಾಳಿ ಆಡುವಂತೆ ನೋಡುತ್ತಾಳೆ, ಹುಳುಗಳೆಲ್ಲ ಎದ್ದ ಮೇಲೆಯೇ ಮತ್ತೆ ಸೊಪ್ಪು. ತಟ್ಟೆಯ ಮುಂದೆ ಇಷ್ಟು ಸಹನೆಯುಳ್ಳವಳು ಮಗಳ ಮೌನದ ಮುಂದೆ ಅದನ್ನು ಕಳೆದುಕೊಳ್ಳುತ್ತಾಳೆ.

ಕಾರಣವುಂಟು. ಹುಳುವನ್ನು ಕುರಿತು ಯಾರೂ ಅವಳನ್ನು ನಿಂದಿಸರು. ಮಗಳನ್ನು ಕುರಿತು ನಿಂದಿಸುವರು. ಅಲ್ಲದೆ ಇಂದಿನ ಎಷ್ಟೋ ತಾಯಂದಿರಿಗೆ ತಮ್ಮದೆಂಬ ಹರೆಯವೇ ಇರಲಿಲ್ಲ. ಶಾಲೆ ಬಿಡಿಸಿದ ವರ್ಷವೇ ಧಾರೆ ಎರೆದಿದ್ದರು. ತನಗೆ ದೊರೆಯದ ಬಿಡುವನ್ನು ಮಗಳು ಹಕ್ಕೆಂದು ಕೇಳುವಾಗ ತಾಯಿಯ ಒಡಲಲ್ಲಿ ಏಳುವ ಕಸಿವಿಸಿಯನ್ನು ಮಗಳೂ ಅರಿಯಬೇಡವೇ? ತಾಯಿಗೆ ಉತ್ತರ ಹೇಳುವ ಋಣದಿಂದ ಯಾವ ಸ್ವಾತಂತ್ರ್ಯವೂ ಅವಳನ್ನು ಬಿಡಿಸದು. ಆದರೆ ಎದುರಾಡಿದಳೆಂಬ ಕೋಪಕ್ಕೆ ವರಾನ್ವೇಷಣೆಗೆ ಹೊರಡುವುದಂತೂ ಸಲ್ಲದು. ಹದಿನೆಂಟು ತುಂಬದವಳ ವಿವಾಹವನ್ನು 2006ರ ಕಾಯಿದೆ ನಿಷೇಧಿಸಿದೆ; ಕಾಯಿದೆ ಇಲ್ಲದಿದ್ದರೂ ಅದು ಅಧರ್ಮವೇ.

ಉಡುತಡಿಯ ಮಹಾದೇವಿಯ ತಾಯಿತಂದೆಗಳೂ ಇಂಥ ಇಕ್ಕಟ್ಟಿನಲ್ಲಿ ಸಿಲುಕಿದವರೇ. ಹರಿಹರನ ರಗಳೆಯ ಪ್ರಕಾರ, ಭವಿಯಾದ ಕೌಶಿಕನ ಭಯಕ್ಕೆ ಅವರು ಮಗಳನ್ನೇ ಅಂಗಲಾಚಿದರು. ಅವರು ಶಿವಭಕ್ತರಲ್ಲದವರಲ್ಲ, ಮಗಳ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಅಂಜಿಕೆಯು ಭಕ್ತಿಯನ್ನು ಮೀರಿತು, ಅಷ್ಟೇ. ಅವರ ಪ್ರಾಣಕ್ಕಾಗಿ ಆಕೆ ಒಪ್ಪಿದಳು. ಆದರೆ ಲಿಂಗಪೂಜೆ, ಗುರುಸೇವೆ, ಶರಣರ ಸಂಗಗಳಲ್ಲಿ ತನ್ನ ಇಚ್ಛೆಯೇ ನಡೆಯಬೇಕೆಂಬ ಕರಾರನ್ನು ಮುಂದಿಟ್ಟಳು. ವಿವಾಹವು ನಡೆಯಿತೋ ಇಲ್ಲವೋ ಎಂಬಲ್ಲಿ ಕವಿಗಳಲ್ಲಿ ಭಿನ್ನಮತವಿದೆ; ನಮಗೆ ಮುಖ್ಯವಾದುದು ಆ ಕರಾರು. ಹೆತ್ತವರಿಗೆ ಕೊಡಬಹುದಾದುದನ್ನು ಕೊಟ್ಟಳು, ಕರಸ್ಥಲವನ್ನು ಕೊಡಲಿಲ್ಲ.

ತಾನೇ ನೇಯ್ದ ಗೂಡಿನಲ್ಲಿ ಸೆರೆಯಾಗುವ ರೇಷ್ಮೆಯ ಹುಳುವನ್ನು ಆಕೆಯೂ ತನ್ನ ವಚನದಲ್ಲಿ ದೃಷ್ಟಾಂತವಾಗಿ ತಂದಿರುವಳು. ಮುಂದೆ ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು. ಅಷ್ಟು ದೂರ ಹೋದವಳು, ತನ್ನ ಪತಿ ಎಂಥವನೆಂಬ ಅಂತರಂಗದ ಮಾತನ್ನು ಹೇಳಿಕೊಳ್ಳುವಾಗ ಮತ್ತೆ ಮತ್ತೆ ಕರೆಯುವುದು “ಅವ್ವಾ” ಎಂದೇ.