ತಾನೇ ಧಣಿ, ತಾನೇ ಆಳು

ಬ್ರಿಟನ್ನಿನಲ್ಲಿ ಸ್ವಂತ ಉದ್ಯೋಗ ಮಾಡುವವರು ಆದಾಯದ ವಿವರವನ್ನು ಜನವರಿ 31ರೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಆ ತಿಂಗಳು ನಮ್ಮಂಥ ಲೆಕ್ಕಪರಿಶೋಧಕರ ಎದುರು ಪ್ಲಂಬರ್, ಕ್ಷೌರಿಕ, ಟ್ಯಾಕ್ಸಿ ಚಾಲಕ ಎಲ್ಲರೂ ಬಂದು ಕೂರುತ್ತಾರೆ. ತೆರಿಗೆ ಇಲಾಖೆಗೆ ಅವರೆಲ್ಲ ಸ್ವಯಂ ಉದ್ಯೋಗಿಗಳು. ಆದರೆ ಅವರ ನೆಮ್ಮದಿ ಒಂದೇ ಬಗೆಯದಲ್ಲ.

ತನ್ನ ದುಡಿಮೆಗೆ ತಾನೇ ಒಡೆಯನಾದವನು ಹೆಚ್ಚು ಸುಖಿಯೇ? ಅರ್ಥಶಾಸ್ತ್ರಜ್ಞರಾದ ಮಥಿಯಾಸ್ ಬೆನ್ಜ್ ಮತ್ತು ಬ್ರೂನೋ ಫ್ರೈ ಜರ್ಮನಿ, ಸ್ವಿಟ್ಜರ್ಲೆಂಡ್, ಬ್ರಿಟನ್‌ಗಳ ಅಂಕಿಅಂಶ ನೋಡಿ, 2008ರ ಪ್ರಬಂಧದಲ್ಲಿ ಹೌದೆಂದರು. ಆದಾಯ, ದುಡಿಯುವ ಗಂಟೆಗಳನ್ನು ಬದಿಗಿಟ್ಟು ನೋಡಿದರೂ ಸ್ವಂತ ಉದ್ಯೋಗಿಗಳಿಗೆ ಕೆಲಸದಲ್ಲಿ ತೃಪ್ತಿ ಹೆಚ್ಚು, ಕಾರಣ, ಸ್ವಾತಂತ್ರ್ಯ.

ಲೆಕ್ಕದ ಪುಸ್ತಕ ಇದನ್ನು ಹೇಳುವುದಿಲ್ಲ. ಒಡೆಯ ತನ್ನ ಕೂಲಿಯನ್ನು ಖರ್ಚೆಂದು ಬರೆದುಕೊಳ್ಳುವಂತಿಲ್ಲ. ಹಾಗಾಗಿ ಅವನು ಲಾಭವೆಂದು ಹಿಗ್ಗುವುದು ಎಷ್ಟೋ ಸಲ ಅವನದೇ ಬೆವರಿನ ಬೆಲೆ. ಜ್ವರ ಬಂದು ಮಲಗಿದರೆ ಅದೂ ಇಲ್ಲ.

ಹಾಗಾದರೆ ಸ್ವಾತಂತ್ರ್ಯವೆಂದರೇನು? ನನ್ನ ಮಟ್ಟಿಗೆ ಅದು 'ಒಲ್ಲೆ' ಎನ್ನುವ ಶಕ್ತಿ. ಕೈತುಂಬ ಕೆಲಸವಿರುವ ಪ್ಲಂಬರ್ ದರ ಹೇಳಬಲ್ಲ, ಒಪ್ಪದ ಗಿರಾಕಿಯನ್ನು ಬಿಡಬಲ್ಲ. ಆ್ಯಪ್ ನಂಬಿದ ಚಾಲಕನಿಗೆ ಅದು ಕಷ್ಟ. 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಮೊಕದ್ದಮೆಯಲ್ಲಿ ಗಮನಿಸಿದ್ದೂ ಇದನ್ನೇ: ದರ ನಿಗದಿ ಕಂಪನಿಯದು, ಕರಾರು ಕಂಪನಿಯದು, ಪದೇಪದೇ ಸವಾರಿ ನಿರಾಕರಿಸಿದರೆ ಶಿಕ್ಷೆಯೂ ಉಂಟು. ಆದ್ದರಿಂದ ಅವರು ಕನಿಷ್ಠ ವೇತನಕ್ಕೂ ಸಂಬಳಸಹಿತ ರಜೆಗೂ ಹಕ್ಕುಳ್ಳ ಕಾರ್ಮಿಕರು ಎಂದಿತು ತೀರ್ಪು. ಗಿಗ್ ಕಾರ್ಮಿಕರ ಭದ್ರತೆಗೆ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯ ಹಿಂದೆಯೂ ಇಂಥದೇ ಚಿಂತೆಯಿದೆ. ರಜೆ, ಪಿಂಚಣಿ, ಸಂಘವಿರುವ ನೌಕರ ಇಂಥ 'ಧಣಿ'ಗಿಂತ ಹೆಚ್ಚು ಸ್ವತಂತ್ರ.

ಒಲ್ಲೆ ಎನ್ನಬಲ್ಲವನಿಗೂ ಇನ್ನೊಂದು ತೊಡಕಿದೆ. ಹೊತ್ತಾಯಿತು, ಮನೆಗೆ ಹೋಗು ಎನ್ನುವವರು ಅವನಿಗಿಲ್ಲ. ಹೊರಗಿನ ಧಣಿಗಿಂತ ಒಳಗಿನ ಧಣಿ ಕ್ರೂರಿ; ಭಾನುವಾರವನ್ನೂ ಬಿಡುವುದಿಲ್ಲ. ಕಾಯಕವನ್ನು ಇಷ್ಟು ಎತ್ತರಕ್ಕೇರಿಸಿದ ನಮ್ಮ ಶರಣರು ಇದನ್ನು ಬಲ್ಲರು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳಿದಳಂತೆ. ಅವಳು ದುಡಿಮೆಯನ್ನು ಹೀಗಳೆಯಲಿಲ್ಲ, ಅದಕ್ಕೊಂದು ಎಲ್ಲೆ ಹಾಕಿದಳು.

ಸ್ವಂತ ಉದ್ಯೋಗಕ್ಕೆ ಇಳಿಯಲೇ ಎಂದು ಕೇಳುವವರಿಗೆ ನಾನು ಬಂಡವಾಳದ ಮಾತಿಗೆ ಮೊದಲು ಎರಡು ಪ್ರಶ್ನೆ ಹಾಕುತ್ತೇನೆ: ಯಾರಿಗೆ ಒಲ್ಲೆ ಎನ್ನಬಲ್ಲಿರಿ? ಎಷ್ಟಾದರೆ ಸಾಕೆನ್ನುತ್ತೀರಿ?